ಇಂಜಿನಿಯರಿಂಗಾ, ಸೈನ್ಸಾ, ಹಿಸ್ಟರಿ-ಕನ್ನಡನಾ? ಹಾಸನ, ಚಿಕ್ಕಮಗಳೂರು ಕಡೆಯಿಂದ ಪಿಎಚ್‌ಡಿಗೆ ಹೊರಟೋರಿಗೆ

ಪಿಜಿ ರಿಸಲ್ಟ್ ಬಂದ ತಕ್ಷಣ ಪ್ರತಿ ವರ್ಷ ಹುಡುಗರು ಕೇಳೋದು ಒಂದೇ, "ಸರ್, ಪಿಎಚ್‌ಡಿ ಮಾಡ್ಲಾ, ಮಾಡಿದ್ರೆ ಯಾವುದ್ರಲ್ಲಿ ಮಾಡ್ಲಿ?" ಕೇಳೋರಲ್ಲಿ ಹಾಸನದ ಎಂಸಿಇ, ಚಿಕ್ಕಮಗಳೂರಿನ ಎಐಟಿ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಬಿಇ-ಎಂಟೆಕ್ ಮುಗಿಸಿದೋರಿದ್ದಾರೆ, ಹಾಸನದ ಹೇಮಗಂಗೋತ್ರಿ ಪಿಜಿ ಕ್ಯಾಂಪಸ್ಸಲ್ಲಿ ಎಂಎಸ್ಸಿ ಮಾಡಿದೋರಿದ್ದಾರೆ, ಕಡೂರಲ್ಲೋ ಕುವೆಂಪು ವಿವಿ ಇರೋ ಶಂಕರಘಟ್ಟದಲ್ಲೋ ಎಂಎ ಮಾಡಿ ಗೆಸ್ಟ್ ಲೆಕ್ಚರರ್ ಆಗಿರೋರಿದ್ದಾರೆ, ಮದುವೆಯಾಗಿ ಮೂಡಿಗೆರೆ, ಸಕಲೇಶಪುರದ ತೋಟದ ಮನೆ ಸೇರಿ ಈಗ ಮಕ್ಕಳು ಸ್ಕೂಲಿಗೆ ಹೋಗೋಕೆ ಶುರುವಾದ ಮೇಲೆ ಮತ್ತೆ ಓದ್ಬೇಕು ಅನ್ನಿಸಿರೋ ಹೆಣ್ಣುಮಕ್ಕಳೂ ಇದ್ದಾರೆ. ಎಲ್ರಿಗೂ ಒಂದೇ ಉತ್ತರ ಕೊಡೋಕಾಗಲ್ಲ, ಅದಕ್ಕೇ ಸ್ವಲ್ಪ ಉದ್ದವಾಗೇ ಬರೀತಿದೀನಿ.

ಒಂದು ವಿಷಯ ಮೊದಲೇ ಹೇಳ್ಬಿಡ್ತೀನಿ. ಎಂಎ ಕನ್ನಡ ಮಾಡಿದೋರು ಕೆಮಿಸ್ಟ್ರಿ ಪಿಎಚ್‌ಡಿಗೆ ಹೋಗೋಕಾಗಲ್ಲ, ಅದು ಗೊತ್ತಿರೋದೇ. ಆದ್ರೆ ಬಾಗಿಲು ನಾವು ಅಂದ್ಕೊಂಡಷ್ಟು ಮುಚ್ಚಿಲ್ಲ. ಬಿಇ ಆದೋರು ಎಂಎ ಸೇರಬಹುದು, ಬಾಟನಿ ಓದಿದೋರು ಕಾಡಿನ ಇಕಾಲಜಿ ಕಡೆ ಹೋಗಬಹುದು, ಮ್ಯಾಥ್ಸ್ ಓದಿದೋರು ಎಕನಾಮಿಕ್ಸ್ ಕಡೆ ತಿರುಗಬಹುದು. ವಿವಿಗಳಿಗೆ ನಿಯಮ ಮಾಡೋ ಯುಜಿಸಿಯ 2022ರ ನಿಯಮದ ಪ್ರಕಾರ ನಾಲ್ಕು ವರ್ಷದ ಡಿಗ್ರಿಲಿ 75 ಪರ್ಸೆಂಟ್ ಇದ್ರೆ ಪಿಜಿ ಇಲ್ದೇನೇ ಪಿಎಚ್‌ಡಿಗೆ ಅರ್ಜಿ ಹಾಕೋಕೂ ಅವಕಾಶ ಇದೆ, ಮೀಸಲಾತಿ ಇರೋರಿಗೆ 5 ಪರ್ಸೆಂಟ್ ರಿಯಾಯಿತಿ. ಹಾಗಾಗಿ ಇನ್ನೂ ಡಿಗ್ರಿಲಿ ಇರೋರು ಇದನ್ನ ಈಗ್ಲೇ ಓದಿದ್ರೆ ಹೆಚ್ಚು ಉಪಯೋಗ.

ಯಾವುದ್ರಿಂದ ಅಳೀಬೇಕು

ಜನ ಸಾಮಾನ್ಯವಾಗಿ ಅಳೆಯೋದು "ಯಾವುದಕ್ಕೆ ಸ್ಕೋಪ್ ಇದೆ" ಅಂತ. ನನ್ನ ಪ್ರಕಾರ ಮೊದಲು ನೋಡ್ಬೇಕಾಗಿರೋದು ತಿಂಗಳಿಗೆ ಕೈಗೆ ದುಡ್ಡು ಎಲ್ಲಿಂದ ಬರತ್ತೆ, ಎಷ್ಟು ವರ್ಷ ಬರತ್ತೆ ಅನ್ನೋದು. ಎರಡನೇದು ಸಾಮಗ್ರಿ, ಅಂದ್ರೆ ನೀವು ಅಧ್ಯಯನ ಮಾಡೋ ವಸ್ತು ಎಲ್ಲಿದೆ? ನಿಮ್ಮೂರಲ್ಲೇ ಇದೆಯಾ, ಬೆಂಗಳೂರಿನ ಯಾವುದೋ ಮಷಿನ್ ಒಳಗಿದೆಯಾ? ಮೂರನೇದು ದಿನ ಹೇಗೆ ಕಳೆಯತ್ತೆ. ಲ್ಯಾಬಲ್ಲಿ ಒಬ್ರೇ ನಿಂತು ಕಳೆಯೋ ದಿನ ಬೇರೆ, ಹಳ್ಳಿಲಿ ಹತ್ತು ಜನರ ಹತ್ರ ಮಾತಾಡೋ ದಿನ ಬೇರೆ, ಇದು ನಿಮ್ಮ ಸ್ವಭಾವಕ್ಕೆ ಹೊಂದಬೇಕು. ನಾಲ್ಕನೇದು ಅವಧಿ. ಪಿಎಚ್‌ಡಿಗೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ, ರೀ-ರಿಜಿಸ್ಟ್ರೇಷನ್ ಮಾಡಿಸಿದ್ರೆ ಇನ್ನೂ 2 ವರ್ಷ, ಹೆಣ್ಣುಮಕ್ಕಳಿಗೆ ಮತ್ತು 40 ಪರ್ಸೆಂಟ್‌ಗಿಂತ ಹೆಚ್ಚು ಅಂಗವೈಕಲ್ಯ ಇರೋರಿಗೆ ಅದರ ಮೇಲೆ 2 ವರ್ಷ ಸಡಿಲಿಕೆ ಇದೆ. ನೀವು ಹಿಡಿಯೋ ಪ್ರಶ್ನೆ ಈ ಚೌಕಟ್ಟಲ್ಲಿ ಕೂರತ್ತಾ? ಕೊನೇದು, ಮುಗಿದ ಮೇಲೆ ಏನು.

ಗೈಡ್ ಯಾರು ಅನ್ನೋದು ಇದೆಲ್ಲದಕ್ಕಿಂತ ದೊಡ್ಡದು, ಆದ್ರೆ ಅದು ಯಾವ ವಿಭಾಗಕ್ಕೆ ಹೋದ್ರೂ ಒಂದೇ ಲೆಕ್ಕ, ಹಾಗಾಗಿ ಕೊನೇಲಿ ಬರೀತೀನಿ.

ಹೋಲಿಸೋಕೆ ಸುಲಭ ಆಗ್ಲಿ ಅಂತ ಆದಷ್ಟು ನಮ್ಮ ಕಾಫಿ ತೋಟವನ್ನೇ ಉದಾಹರಣೆ ಇಟ್ಕೊಳ್ತೀನಿ. ಒಂದೇ ತೋಟಕ್ಕೆ ಇಂಜಿನಿಯರ್ ಬರಬಹುದು, ಕೀಟ ನೋಡೋರು ಬರಬಹುದು, ಇತಿಹಾಸದೋರು ಬರಬಹುದು, ಮೂವರ ಬದುಕೂ ಪೂರ್ತಿ ಬೇರೆ ಇರತ್ತೆ.

ಇಂಜಿನಿಯರಿಂಗ್

ಇಲ್ಲಿ ಹತ್ರದಲ್ಲೇ ಅವಕಾಶ ಇದೆ. ಹಾಸನದಲ್ಲಿ 1960ರಿಂದ ಮಲೆನಾಡು ಇಂಜಿನಿಯರಿಂಗ್ ಕಾಲೇಜಿದೆ, ಚಿಕ್ಕಮಗಳೂರಲ್ಲಿ 1980ರಿಂದ ಆದಿಚುಂಚನಗಿರಿ ಇನ್‌ಸ್ಟಿಟ್ಯೂಟ್ ಇದೆ, ಎರಡೂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿವಿ) ಅಡಿಯಲ್ಲಿ ಬರ್ತವೆ. ಪಾಠ ಮಾಡ್ತಾನೇ ಪಾರ್ಟ್‌ಟೈಮ್ ಪಿಎಚ್‌ಡಿ ಮಾಡೋರು ಈ ಕಡೆ ಬಹಳ. ಸಂಬಳ ಬರ್ತಾ ಇರತ್ತೆ, ಮನೆ ಬಿಡ್ಬೇಕಾಗಿಲ್ಲ, ಇದು ದೊಡ್ಡ ಅನುಕೂಲ. ತೊಂದರೆ ಅಂದ್ರೆ ವಾರಕ್ಕೆ ಅಷ್ಟೊಂದು ಕ್ಲಾಸು, ಅದರ ಮೇಲೆ ಅಕ್ರೆಡಿಟೇಷನ್ ಫೈಲು, ಪರೀಕ್ಷೆ ಡ್ಯೂಟಿ, ಎಲ್ಲ ಮುಗಿದ ಮೇಲೆ ಉಳಿಯೋ ಟೈಮಲ್ಲಿ ರಿಸರ್ಚು. ಆರು ವರ್ಷ ಹೇಗೆ ಹೋಯ್ತು ಅಂತಾನೇ ಗೊತ್ತಾಗಲ್ಲ.

ಫುಲ್‌ಟೈಮ್ ಹೋಗೋದಾದ್ರೆ ಗೇಟ್ ಪ್ರವೇಶ ಪರೀಕ್ಷೆ ಬರೆದು ಸುರತ್ಕಲ್ ಎನ್‌ಐಟಿಕೆ, ಐಐಟಿ, ಐಐಎಸ್‌ಸಿ ಕಡೆ ನೋಡಿ. ಅಲ್ಲಿ ಸ್ಟೈಫಂಡ್ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000. ಪ್ರೈಮ್ ಮಿನಿಸ್ಟರ್ಸ್ ರಿಸರ್ಚ್ ಫೆಲೋಶಿಪ್ ಸಿಕ್ಕಿದ್ರೆ 70,000ದಿಂದ ಶುರುವಾಗಿ 80,000ದವರೆಗೆ ಹೋಗತ್ತೆ, ಆದ್ರೆ ಅದಕ್ಕೆ ಪೈಪೋಟಿ ಸಿಕ್ಕಾಪಟ್ಟೆ. ಒಳ್ಳೇ ಬಿಇ, ಎಂಟೆಕ್ ಆದೋರಿಗೆ ಬೆಂಗಳೂರಲ್ಲಿ ಇದಕ್ಕಿಂತ ಜಾಸ್ತಿ ಸಂಬಳ ಸಿಗಬಹುದು ಅನ್ನೋದೂ ನಿಜ, ಐದು ವರ್ಷ ಅದನ್ನ ಬಿಟ್ಕೊಡ್ತೀರಿ ಅಂತ ಮನೇಲಿ ಮೊದಲೇ ಮಾತಾಡಿಕೊಳ್ಳಿ. ಸಾಲ ಇದ್ರೆ ಇನ್ನೂ ಮುಂಚೆನೇ.

ಇನ್ನು ವಿಷಯ. ಈಗ ಬಹಳ ಜನ ಹಿಡಿಯೋದು ಮಷಿನ್ ಲರ್ನಿಂಗ್. ಕಾಫಿ ಎಲೆ ಫೋಟೋ ತೆಗೆದು ತುಕ್ಕು ರೋಗ ಇದೆಯಾ ಇಲ್ವಾ ಅಂತ ಹೇಳೋ ಮಾಡೆಲ್ ಮಾಡ್ತೀನಿ ಅಂತಾರೆ. ಇಂಟರ್ನೆಟ್ಟಲ್ಲಿ ಸಿಗೋ ಫೋಟೋ ಇಟ್ಕೊಂಡು ಮನೇಲೇ ಕೂತು ಮಾಡೋದಾದ್ರೆ ದಯವಿಟ್ಟು ಬೇಡ, ಅಂಥ ಪೇಪರ್ ಈಗಾಗ್ಲೇ ರಾಶಿ ಬಿದ್ದಿದೆ. ಅದೇ ಕೆಲಸಕ್ಕೆ ಮಳೆಗಾಲ ಪೂರ್ತಿ ಮೂಡಿಗೆರೆಯ ನಾಲ್ಕು ತೋಟ ಸುತ್ತಿ, ನೆರಳಲ್ಲಿ, ಮಂಜಲ್ಲಿ, ಒದ್ದೆ ಎಲೆ ಮೇಲೆ, ಎಲೆ ಕೆಳಭಾಗದ ಕಿತ್ತಳೆ ಪುಡಿ ಕಾಣೋ ಹಾಗೆ ಫೋಟೋ ತೆಗೆದು, ಪ್ರತಿ ಫೋಟೋಗೂ ತಿಳಿದೋರಿಂದ ಹೌದು-ಅಲ್ಲ ಅಂತ ಗುರುತು ಹಾಕಿಸಿದ್ರೆ ಅದು ಬೇರೆ ಮಟ್ಟದ ಕೆಲಸ. ಆ ಡೇಟಾ ಬೇರೆ ಯಾರ ಹತ್ರಾನೂ ಇರಲ್ಲ. ಸಿವಿಲ್‌ನೋರಿಗೆ ಶಿರಾಡಿ ಘಾಟಿ, ಚಾರ್ಮಾಡಿ ಘಾಟಿ ಕುಸಿತ ಕಣ್ಮುಂದೆ ಇದೆ. ಮೆಕ್ಯಾನಿಕಲ್‌ನೋರಿಗೆ ಕಾಫಿ, ಮೆಣಸು ಒಣಗಿಸೋ ಡ್ರೈಯರ್ ಇದೆ, ಕೊಯ್ಲಿನ ಹೊತ್ತಲ್ಲಿ ಅಕಾಲಿಕ ಮಳೆ ಬಂದು ಕಣದಲ್ಲಿ ಹರಡಿದ ಹಣ್ಣು ಬೂಸ್ಟು ಹಿಡಿಯೋದನ್ನ ನೋಡಿದೋರಿಗೆ ಇದರ ಬೆಲೆ ಗೊತ್ತು. ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಮಷಿನ್ನಿನ ಕೊಳೆ ನೀರನ್ನ ಹಳ್ಳಕ್ಕೆ ಬಿಡದ ಹಾಗೆ ಶುದ್ಧ ಮಾಡೋದೂ ಒಳ್ಳೇ ವಿಷಯ.

ಮುಂದೆ ಕೆಲಸದ ಮಟ್ಟಿಗೆ ಇಂಜಿನಿಯರಿಂಗ್ ಪಿಎಚ್‌ಡಿ ಸುರಕ್ಷಿತ. ತಾಂತ್ರಿಕ ಶಿಕ್ಷಣಕ್ಕೆ ನಿಯಮ ಮಾಡೋ ಎಐಸಿಟಿಇ ಲೆಕ್ಕದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ಎಂಟೆಕ್ ಸಾಕು, ಅಸೋಸಿಯೇಟ್ ಆಗೋಕೆ ಪಿಎಚ್‌ಡಿ ಬೇಕು. ಕಂಪನಿಗಳೂ ಕೆಲವು ಕಡೆ ತಗೊಳ್ತವೆ.

ಲ್ಯಾಬ್ ಸೈನ್ಸು

ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಮೆಟೀರಿಯಲ್ಸ್. ಇದರ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಡಕ್ಕಾಗೇ ಇದೆ: ಗೈಡ್ ಹತ್ರ ದುಡ್ಡಿರೋ ಪ್ರಾಜೆಕ್ಟ್ ಇಲ್ಲ ಅಂದ್ರೆ ಹಾಸನ, ಚಿಕ್ಕಮಗಳೂರಲ್ಲಿ ಕೂತು ಇದನ್ನ ಮಾಡೋಕೆ ಹೋಗ್ಬೇಡಿ. ನೀವು ತಯಾರು ಮಾಡಿದ ಒಂದು ಸಂಯುಕ್ತ ನಿಜಕ್ಕೂ ಅದೇನಾ ಅಂತ ಗೊತ್ತಾಗೋಕೆ ಅಣುವಿನ ರಚನೆ ತೋರಿಸೋ ಎನ್‌ಎಂಆರ್ ಬೇಕು, ಹರಳಿನ ರಚನೆ ತೋರಿಸೋ ಎಕ್ಸ್‌ಆರ್‌ಡಿ ಬೇಕು, ಮೇಲ್ಮೈ ನೋಡೋಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಬೇಕು. ಇಂಥ ದೊಡ್ಡ ಮಷಿನ್‌ಗಾಗಿ ಸಾಮಾನ್ಯವಾಗಿ ಮೈಸೂರು, ಮಂಗಳೂರು, ಬೆಂಗಳೂರಿನ ಕಡೆ ಮುಖ ಮಾಡ್ಬೇಕು. ಚಿಕ್ಕ ಬಾಟ್ಲಿಲಿ ಸ್ಯಾಂಪಲ್ ಹಾಕಿ, ಲೇಬಲ್ ಅಂಟಿಸಿ, ಫಾರಂ ತುಂಬಿ, ಸ್ಯಾಂಪಲ್‌ಗೆ ಇಷ್ಟು ಅಂತ ದುಡ್ಡು ಕಟ್ಟಿ ಕಳಿಸ್ತೀರಿ, ಸರದಿ ಬರೋಕೆ ವಾರಗಟ್ಟಲೆ ಕಾಯ್ತೀರಿ, ಬಂದ ಗ್ರಾಫಲ್ಲಿ ಕಲ್ಮಶದ ಪೀಕ್ ಕಾಣ್ಸತ್ತೆ, ಮತ್ತೆ ಮೊದಲಿಂದ. ಮಷಿನ್ ಪಕ್ಕದ ಕೋಣೇಲಿರೋ ಲ್ಯಾಬಿನ ಹುಡುಗಿ ಮಧ್ಯಾಹ್ನ ಮಾಡಿ ಸಂಜೆ ತಿಳ್ಕೊಳ್ಳೋದು ನಿಮಗೆ ಒಂದು ತಿಂಗಳಾಗತ್ತೆ. ಬುದ್ಧಿ ಕಮ್ಮಿ ಅಂತಲ್ಲ, ದೂರ ಜಾಸ್ತಿ ಅಷ್ಟೇ.

ಹಾಗಾಗಿ ಲ್ಯಾಬ್ ಸೈನ್ಸ್ ಮೇಲೆ ನಿಜವಾದ ಪ್ರೀತಿ ಇರೋರು ಸೈನ್ಸ್‌ನೋರ ಫೆಲೋಶಿಪ್ ಪರೀಕ್ಷೆಯಾದ ಸಿಎಸ್‌ಐಆರ್ ನೆಟ್‌ಗೆ ಗಟ್ಟಿಯಾಗಿ ಕೂತು, ಫೆಲೋಶಿಪ್ ತಗೊಂಡು ಊರು ಬಿಡಿ. ಮೈಸೂರು ವಿವಿಯ ಮಾನಸಗಂಗೋತ್ರಿ, ಆಹಾರ ಸಂಶೋಧನೆ ಮಾಡೋ ಮೈಸೂರಿನ ಸಿಎಫ್‌ಟಿಆರ್‌ಐ, ಬೆಂಗಳೂರಿನ ಜವಾಹರಲಾಲ್ ನೆಹರು ಸೆಂಟರ್, ಐಐಎಸ್‌ಸಿ, ಜೀವವಿಜ್ಞಾನದ ಎನ್‌ಸಿಬಿಎಸ್, ಇವೆಲ್ಲ ನಮ್ಮಿಂದ ಒಂದು ಹಗಲಿನ ಪ್ರಯಾಣದ ಒಳಗೇ ಇವೆ. ಕಾಫಿ, ಮಸಾಲೆ, ಹಣ್ಣಿನ ಕೆಮಿಸ್ಟ್ರಿ ಮಾಡ್ಬೇಕು ಅನ್ನೋರಿಗೆ ಸಿಎಫ್‌ಟಿಆರ್‌ಐಗಿಂತ ಹತ್ರದ ಒಳ್ಳೇ ಜಾಗ ನಂಗೆ ಕಾಣಲ್ಲ. ಮುಗಿದ ಮೇಲೆ ಫಾರ್ಮಾ, ಆಹಾರ ಕಂಪನಿ, ಪೋಸ್ಟ್‌ಡಾಕ್ ಅಂತ ಹೊರದೇಶ, ದಾರಿ ಅಗಲವಾಗೇ ಇದೆ.

ಮ್ಯಾಥ್ಸು, ಥಿಯರಿ ಫಿಸಿಕ್ಸು ಬೇರೆ ಲೆಕ್ಕ. ಪೆನ್ನು, ಪೇಪರು, ಲ್ಯಾಪ್‌ಟಾಪು, ಒಬ್ಬ ಒಳ್ಳೇ ಗೈಡು ಇದ್ರೆ ಸಾಕು, ಖರ್ಚು ಬಹಳ ಕಮ್ಮಿ. ಆದ್ರೆ ಪಕ್ಕದಲ್ಲಿ ಮಾತಾಡೋಕೆ ಜನ ಇಲ್ದೆ ಈ ವಿಷಯಗಳಲ್ಲಿ ಬೆಳೆಯೋದು ಕಷ್ಟ, ಮ್ಯಾಥ್ಸ್‌ಗೆ ಎನ್‌ಬಿಎಚ್‌ಎಂ, ಫಿಸಿಕ್ಸ್‌ಗೆ ಜೆಸ್ಟ್ ಪರೀಕ್ಷೆ ಬರೆದು ದೊಡ್ಡ ಸಂಸ್ಥೆ ಪ್ರಯತ್ನ ಮಾಡಿ.

ಹೊಲ, ತೋಟ, ಕಾಡು

ಇಲ್ಲಿ ನಮ್ಮ ಎರಡು ಜಿಲ್ಲೆಗೆ ಸಾಟಿ ಕಮ್ಮಿ. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆ, ಮೂಡಿಗೆರೆಲಿ ತೋಟಗಾರಿಕೆ ಕಾಲೇಜು ಮತ್ತು ಸಂಶೋಧನಾ ಕೇಂದ್ರ ಇದೆ, ಹಾಸನದ ಕಾರೆಕೆರೆಲಿ ಕೃಷಿ ಕಾಲೇಜಿದೆ, ಪಶುವೈದ್ಯ ಕಾಲೇಜೂ ಇದೆ. ಭದ್ರಾ, ಕುದುರೆಮುಖದ ಕಾಡು ಮನೆ ಹಿಂದೆನೇ ಅನ್ನೋ ಹಾಗೆ ಇದೆ.

ಆದ್ರೆ ಹೊಲದ ರಿಸರ್ಚಲ್ಲಿ ಕ್ಯಾಲೆಂಡರ್ ನಿಮ್ಮ ಕೈಲಿರಲ್ಲ. ಬಿಳಿ ಕಾಂಡಕೊರಕ ತಗೊಳ್ಳಿ, ಅರೇಬಿಕಾ ಬೆಳೆಯೋರ ನಿದ್ದೆ ಕೆಡಿಸಿರೋ ಹುಳ. ಮರಿ ಕಾಂಡದ ಒಳಗೆ ಸುರಂಗ ಕೊರ್ಕೊಂಡು ಹೋಗತ್ತೆ, ಹೊರಗಿಂದ ಕಾಣೋದು ತೊಗಟೆ ಮೇಲೆ ಉಬ್ಬಿದ ಗೆರೆ ಮಾತ್ರ, ಆಮೇಲೆ ಎಲೆ ಹಳದಿಯಾಗಿ ಗಿಡ ಸೊರಗತ್ತೆ. ದುಂಬಿ ಹೊರಗೆ ಬಂದು ಹಾರೋದು ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇನಲ್ಲಿ ಒಂದ್ಸಲ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಂದ್ಸಲ. ಬಲೆ ಕಟ್ಟೋದು, ಮೊಟ್ಟೆ ಇಡೋದನ್ನ ನೋಡೋದು ಎಲ್ಲ ಆಗ್ಲೇ. ಪಿಎಚ್‌ಡಿ ಶುರುವಲ್ಲಿ ಇರೋ ಕೋರ್ಸ್‌ವರ್ಕ್ ಪರೀಕ್ಷೆ ಆ ಸಮಯಕ್ಕೆ ಬಿತ್ತು, ಇಲ್ಲ ಅನುಮತಿ ಪತ್ರ ತಡ ಆಯ್ತು ಅಂದ್ರೆ ಆರು ತಿಂಗಳು ಹೋಯ್ತು ಅಂತಾನೇ ಲೆಕ್ಕ. ಕಾಡೊಳಗೆ ಕೆಲಸ ಇದ್ರೆ ಅರಣ್ಯ ಇಲಾಖೆ ಅನುಮತಿ ಬೇಕು, ಅದಕ್ಕೆ ರಿಜಿಸ್ಟ್ರೇಷನ್ ಆದ ದಿನದಿಂದಾನೇ ಓಡಾಡೋಕೆ ಶುರು ಮಾಡಿ.

ಇನ್ನೊಂದು, ಪ್ರಶ್ನೆಯ ಅಳತೆ. ಕಾಫಿ ಗಿಡ ನೆಟ್ಟು ಮೊದಲ ಫಸಲು ನೋಡೋಕೇ ಮೂರ್ನಾಲ್ಕು ವರ್ಷ ಬೇಕು. ತುಕ್ಕು ರೋಗ ತಡೆಯೋ ಹೊಸ ತಳಿ ಮಾಡ್ತೀನಿ ಅಂತ ಪಿಎಚ್‌ಡಿಗೆ ಹೊರಟ್ರೆ ನಿಮ್ಮ ಆರು ವರ್ಷದಲ್ಲಿ ಎರಡು ಫಸಲು ಕಂಡ್ರೆ ಹೆಚ್ಚು. ಎಸ್.795, ಚಂದ್ರಗಿರಿ ಥರದ ತಳಿಗಳ ಹಿಂದೆ ಇಡೀ ಸಂಸ್ಥೆಯ ದಶಕಗಳ ಕೆಲಸ ಇದೆ, ಅದನ್ನ ಒಬ್ಬ ಸ್ಕಾಲರ್ ಮಾಡೋಕಾಗಲ್ಲ, ಅದರ ಒಂದು ತುಂಡು ಮಾತ್ರ ಹಿಡೀಬೇಕು. ಅದೇ ಹಾಸನದ ಆಲೂಗೆಡ್ಡೆ ನೋಡಿ, ಮೂರು ತಿಂಗಳಿನ ಆಸುಪಾಸಿನ ಬೆಳೆ. ಮುಂಗಾರಲ್ಲಿ ನಾಲ್ಕು ದಿನ ಮೋಡ, ಜಿಟಿಜಿಟಿ ಮಳೆ ಹಿಡಿದ್ರೆ ಅಂಗಮಾರಿ ಹೊಲಕ್ಕೆ ಹೊಲವನ್ನೇ ಮಲಗಿಸತ್ತೆ, ಜಲಂಧರ್‌ನಿಂದ ಬಿತ್ತನೆ ಗೆಡ್ಡೆ ತಂದ ರೈತನ ದುಡ್ಡೆಲ್ಲ ಮಣ್ಣುಪಾಲು. ನೋವಿನ ವಿಷಯ, ಆದ್ರೆ ರಿಸರ್ಚ್ ದೃಷ್ಟಿಯಿಂದ ಅವಧಿ ಒಳಗೆ ಮೂರು ನಾಲ್ಕು ಹಂಗಾಮು ಪೂರ್ತಿ ಸಿಗತ್ತೆ. ಬೆಳೆ ಆರಿಸುವಾಗ್ಲೇ ಈ ಲೆಕ್ಕ ಹಾಕಿ. ಕೊಪ್ಪ, ಶೃಂಗೇರಿ ಕಡೆಯ ಅಡಿಕೆ ಹಳದಿ ಎಲೆ ರೋಗಕ್ಕೂ ಇದೇ ಮಾತು, ಅಡಿಕೆ ಇನ್ನೂ ನಿಧಾನದ ಮರ.

ಕೃಷಿ ವಿವಿಗಳಿಗೆ ಹೋಗೋಕೆ ಸಾಮಾನ್ಯವಾಗಿ ಆ ಕಡೆಯದೇ ಡಿಗ್ರಿ ಬೇಕು, ಐಸಿಎಆರ್ (ಕೃಷಿ ಸಂಶೋಧನಾ ಮಂಡಳಿ) ಪರೀಕ್ಷೆ ಬೇರೆ. ಬಾಟನಿ, ಜುವಾಲಜಿ ಎಂಎಸ್ಸಿ ಆದೋರು ಕುವೆಂಪು ವಿವಿ ಥರದ ಕಡೆ ರಿಜಿಸ್ಟರ್ ಆಗಿ ಕಾಫಿ ತೋಟದ ಹಕ್ಕಿ, ಜೇನು, ಕಪ್ಪೆ, ನೆರಳು ಮರದ ಮೇಲೆ ಕೆಲಸ ಮಾಡಬಹುದು. ಹಳೇ ಕಾಡುಮರ ತೆಗೆದು ಸಿಲ್ವರ್ ಓಕ್ ಹಾಕಿದ ತೋಟಕ್ಕೂ, ಅತ್ತಿ, ಹಲಸು, ನೇರಳೆ ಉಳಿಸ್ಕೊಂಡ ತೋಟಕ್ಕೂ ಏನು ವ್ಯತ್ಯಾಸ ಅಂತ ನೋಡೋಕೆ ದೊಡ್ಡ ಮಷಿನ್ ಬೇಡ, ಬೈನಾಕ್ಯುಲರ್ ಬೇಕು, ಮಾಲೀಕರ ಒಪ್ಪಿಗೆ ಬೇಕು, ಬೆಳಿಗ್ಗೆ ಬೇಗ ಏಳೋ ಅಭ್ಯಾಸ ಬೇಕು. ತೋಟದ ಮನೇಲೇ ಇರೋರಿಗೆ ಇದಕ್ಕಿಂತ ಹೊಂದೋ ವಿಷಯ ಇನ್ನೊಂದಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಇತಿಹಾಸ, ಶಾಸನ, ಕನ್ನಡ, ಜಾನಪದ

"ಆರ್ಟ್ಸಲ್ಲಿ ಏನು ರಿಸರ್ಚ್ ಇರತ್ತೆ" ಅಂತ ಕೇಳೋರನ್ನ ಬೇಲೂರು ತಾಲ್ಲೂಕಿನ ಯಾವುದಾದ್ರೂ ಹಳ್ಳಿಗೆ ಕರ್ಕೊಂಡು ಹೋಗ್ಬೇಕು. ಕನ್ನಡದ ಅತಿ ಹಳೇ ಶಾಸನಗಳಲ್ಲಿ ಒಂದಾದ, ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಸಿಕ್ಕಿದ್ದು ಇದೇ ತಾಲ್ಲೂಕಲ್ಲಿ. ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ವು. ಶ್ರವಣಬೆಳಗೊಳದ ಬೆಟ್ಟದ ತುಂಬ ಬರಹ ಇದೆ, ಅಲ್ಲೇ ಪ್ರಾಕೃತ ಅಧ್ಯಯನದ ಸಂಸ್ಥೆನೂ ಇದೆ. ಶೃಂಗೇರಿಲಿ ಕೇಂದ್ರೀಯ ಸಂಸ್ಕೃತ ವಿವಿಯ ಕ್ಯಾಂಪಸ್ ಇದೆ. ನೂರು ವರ್ಷಕ್ಕೂ ಹಿಂದೆ ಬಿ.ಎಲ್. ರೈಸ್ ತಮ್ಮ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಹಾಸನ ಜಿಲ್ಲೆಗೆ 5ನೇ ಸಂಪುಟ, ಆಗ ಕಡೂರು ಜಿಲ್ಲೆ ಅಂತಿದ್ದ ಚಿಕ್ಕಮಗಳೂರಿಗೆ 6ನೇ ಸಂಪುಟ ಮೀಸಲಿಟ್ಟಿದ್ರು. ಎಲ್ಲ ಓದಿ ಮುಗಿದಿದೆ ಅಂದ್ಕೋಬೇಡಿ. ಹೊಸ ಕಲ್ಲುಗಳು ಈಗ್ಲೂ ಕೆರೆ ಏರಿಲಿ, ಹೊಲದ ಬದುವಲ್ಲಿ ಸಿಗ್ತಾನೇ ಇರ್ತವೆ, ಹಳೇ ಓದಿಗೆ ತಿದ್ದುಪಡಿನೂ ಆಗ್ತಾ ಇರತ್ತೆ.

ಶಾಸನದ ಕೆಲಸ ಹೇಗಿರತ್ತೆ ಅಂತ ಹತ್ರದಿಂದ ಹೇಳ್ತೀನಿ. ಬದುವಲ್ಲಿ ಅರ್ಧ ಹೂತಿರೋ ವೀರಗಲ್ಲು ಅಂದ್ಕೊಳ್ಳಿ. ಮೊದಲು ಹೊಲದೋರ ಹತ್ರ ಮಾತಾಡಿ ಒಪ್ಪಿಗೆ ತಗೋಬೇಕು, ಎಷ್ಟೋ ಕಡೆ ಅದಕ್ಕೆ ಪೂಜೆ ನಡೀತಿರತ್ತೆ, ಕುಂಕುಮ, ಎಣ್ಣೆ ಮೆತ್ತಿರತ್ತೆ. ನೀರು ಹಾಕಿ ಮೆತ್ತಗಿನ ಬ್ರಷ್ಷಲ್ಲಿ ಪಾಚಿ ತೆಗೀಬೇಕು, ಕಬ್ಬಿಣ ಮುಟ್ಟಿಸಂಗಿಲ್ಲ. ಒದ್ದೆ ಕಾಗದ ಕಲ್ಲಿನ ಮೇಲೆ ಹಾಸಿ ಬ್ರಷ್ಷಲ್ಲಿ ತಟ್ಟಿ ತಟ್ಟಿ ಅಕ್ಷರದ ಕುಳಿಯೊಳಗೆ ಇಳಿಸಿ, ಸ್ವಲ್ಪ ಆರಿದ ಮೇಲೆ ಮೇಲಿಂದ ಮಸಿ ಒತ್ತಿದ್ರೆ ಅಕ್ಷರ ಬೆಳ್ಳಗೆ, ಸುತ್ತ ಕಪ್ಪಗೆ ಮೂಡತ್ತೆ. ಇದೇ ಪಡಿಯಚ್ಚು. ಗಾಳಿ ಬೀಸಿದ್ರೆ ಕಾಗದ ಕಿತ್ತು ಬರತ್ತೆ, ಮಳೆ ಬಂದ್ರೆ ಎಲ್ಲ ಹೋಯ್ತು. ಆಮೇಲೆ ಮನೇಲಿ ಕೂತು ಒಂದೊಂದೇ ಅಕ್ಷರ, ಇದು "ಮ" ನಾ "ವ" ನಾ ಅಂತ ಗಂಟೆಗಟ್ಟಲೆ. ಒಂದು ಅಕ್ಷರ ಖಚಿತವಾದಾಗ ಒಂದು ಊರಿನ ಹೆಸರು, ಸತ್ತ ಒಬ್ಬ ಸೈನಿಕನ ಹೆಸರು ಎಂಟುನೂರು ವರ್ಷ ಆದ್ಮೇಲೆ ಮತ್ತೆ ಓದೋಕೆ ಸಿಗತ್ತೆ. ಆ ಕೆಲಸ ಯಾವ ಲ್ಯಾಬಿಗೂ ಕಮ್ಮಿ ಇಲ್ಲ.

ಖರ್ಚು ಅಂದ್ರೆ ಬೈಕಿಗೆ ಪೆಟ್ರೋಲು, ಕಾಗದ, ಕ್ಯಾಮೆರಾ, ಪುಸ್ತಕ. ಸಾಮಗ್ರಿ ನಿಮ್ಮೂರಲ್ಲೇ ಇದೆ, ಬೆಂಗಳೂರಿನೋರೇ ಇಲ್ಲಿಗೆ ಬರ್ಬೇಕು. ಬೆಲೆ ತೆರಬೇಕಾಗಿರೋದು ಸಮಯದ ರೂಪದಲ್ಲಿ. ಹಳಗನ್ನಡ ಸರಾಗ ಆಗ್ಬೇಕು, ಸಂಸ್ಕೃತ ಸ್ವಲ್ಪ ಬೇಕು, ಬೆಳಗೊಳದ ಕಡೆ ಹೋಗೋದಾದ್ರೆ ಪ್ರಾಕೃತ, ಜೈನ ಪರಿಭಾಷೆನೂ ಗೊತ್ತಿರ್ಬೇಕು, ಲಿಪಿ ಶತಮಾನದಿಂದ ಶತಮಾನಕ್ಕೆ ಬದಲಾಗತ್ತೆ. ರಿಜಿಸ್ಟ್ರೇಷನ್ ಆದ ಮೇಲೆ ಕಲೀತೀನಿ ಅಂದ್ರೆ ತಡ, ಎಂಎ ಓದುವಾಗ್ಲೇ ಶುರು ಮಾಡಿ.

ಸಾಹಿತ್ಯದಲ್ಲಿ "ಇಂಥೋರ ಕಾದಂಬರಿಗಳು: ಒಂದು ಅಧ್ಯಯನ" ಅನ್ನೋ ಥರದ ವಿಷಯ ಸಾಕಷ್ಟು ಆಗಿದೆ, ಹೊಸ ಪ್ರಶ್ನೆ ಇಲ್ದೆ ಅದನ್ನೇ ಹಿಡೀಬೇಡಿ. ಮಲೆನಾಡಿನ ದೀಪಾವಳಿಯ ಅಂಟಿಗೆ-ಪಂಟಿಗೆ ಪದಗಳು ಹಾಡೋರ ಜೊತೆನೇ ಹೋಗ್ತಿವೆ. ತೋಟದ ಲೈನ್ ಮನೆಗಳಲ್ಲಿ ಹುಟ್ಟಿ ಬೆಳೆದ ಹಿರಿಯ ಕಾರ್ಮಿಕರ ಬಾಯಲ್ಲಿ ಇರೋ ಚರಿತ್ರೆ ಎಷ್ಟು ಬರಹಕ್ಕೆ ಇಳಿದಿದೆ? ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳೋದಕ್ಕೆ ಫೆಲೋಶಿಪ್ ಬರೋವರೆಗೂ ಕಾಯ್ಬೇಕಾಗಿಲ್ಲ, ಅವರಿಗೆ ವಯಸ್ಸಾಗ್ತಿದೆ.

ಈಗ ಕಷ್ಟದ ಮಾತು. ಮುಗಿದ ಮೇಲೆ ಕೆಲಸ ಸಿಗೋದು ಈ ವಿಭಾಗದಲ್ಲೇ ಹೆಚ್ಚು ಕಷ್ಟ. ಡಿಗ್ರಿ ಕಾಲೇಜಿಗೆ ಕಾಯಂ ನೇಮಕಾತಿ ಅಪರೂಪಕ್ಕೆ ಆಗತ್ತೆ, ಮಧ್ಯದ ವರ್ಷಗಳೆಲ್ಲ ಅತಿಥಿ ಉಪನ್ಯಾಸಕ. 2023ರಿಂದ ಯುಜಿಸಿ ಪ್ರಕಾರ ಅಸಿಸ್ಟೆಂಟ್ ಪ್ರೊಫೆಸರ್ ನೇಮಕಕ್ಕೆ ನೆಟ್ (ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಸೆಟ್ (ರಾಜ್ಯಮಟ್ಟದ್ದು, ನಮ್ಮಲ್ಲಿ ಕೆಸೆಟ್) ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯ ಅಲ್ಲ. ಅಂದ್ರೆ ಕೆಲಸ ಮಾತ್ರ ಗುರಿ ಇದ್ರೆ ಮೊದಲು ನೆಟ್, ಕೆಸೆಟ್ ಮುಗಿಸಿ. ಪಿಎಚ್‌ಡಿ ಮಾಡೋದೇ ಆದ್ರೆ ಜೆಆರ್‌ಎಫ್‌ಗೆ (ನೆಟ್‌ನಲ್ಲೇ ಹೆಚ್ಚು ಅಂಕ ತಗೊಂಡೋರಿಗೆ ಸಿಗೋ ಫೆಲೋಶಿಪ್) ಜೀವ ಬಿಟ್ಟು ಪ್ರಯತ್ನ ಮಾಡಿ, ಯಾಕಂದ್ರೆ ಇತಿಹಾಸದೋರಿಗೂ ಅದೇ 37,000, ಆಮೇಲೆ ಅದೇ 42,000, ಒಟ್ಟು ಐದು ವರ್ಷ. ಈ ಒಂದು ವಿಷಯದಲ್ಲಿ ಸರ್ಕಾರ ವಿಭಾಗಗಳ ನಡುವೆ ಭೇದ ಮಾಡಿಲ್ಲ. ಯುಜಿಸಿ ಜೆಆರ್‌ಎಫ್‌ಗೆ ವಯಸ್ಸು 30, ಹೆಣ್ಣುಮಕ್ಕಳಿಗೆ, ಎಸ್ಸಿ, ಎಸ್ಟಿ, ಕೆನೆಪದರ ಅಲ್ಲದ ಒಬಿಸಿಯೋರಿಗೆ 5 ವರ್ಷ ಸಡಿಲಿಕೆ. ಸಿಕ್ಕ ಮೇಲೆ ಸೇರಿಕೊಳ್ಳೋಕೆ ಮೂರು ವರ್ಷ ಟೈಮ್ ಇರತ್ತೆ. 2024ರಿಂದ ಜೆಆರ್‌ಎಫ್ ಬರದೇ ಇದ್ರೂ ನೆಟ್ ಅಂಕದ ಮೇಲೆ ಪಿಎಚ್‌ಡಿ ಪ್ರವೇಶ ಪಡೆಯೋ ದಾರಿ ಬಂದಿದೆ, ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30, ಆದ್ರೆ ಆ ಅಂಕ ಒಂದೇ ವರ್ಷ ನಡಿಯತ್ತೆ.

ಸಮಾಜ ವಿಜ್ಞಾನ ಇದರ ಪಕ್ಕದ ಮನೆ. ಆಲೂರು, ಸಕಲೇಶಪುರದ ಆನೆ ಸಮಸ್ಯೆ, ಬೆಳೆ ಪರಿಹಾರ ಯಾರಿಗೆ ಎಷ್ಟು ಬೇಗ ಸಿಗತ್ತೆ ಅನ್ನೋದು, ಅಸ್ಸಾಂ ಕಡೆಯಿಂದ ಬಂದಿರೋ ತೋಟದ ಕಾರ್ಮಿಕರು, ಎತ್ತಿನಹೊಳೆ ಯೋಜನೆ, 1990ರ ದಶಕದಲ್ಲಿ ಬೆಳೆಯನ್ನ ಕಾಫಿ ಬೋರ್ಡೇ ತಗೊಂಡು ಮಾರೋ ಪೂಲಿಂಗ್ ಹೋಗಿ ಮುಕ್ತ ಮಾರುಕಟ್ಟೆ ಬಂದ ಮೇಲೆ ಸಣ್ಣ ಬೆಳೆಗಾರರ ಗತಿ, ವಿಷಯಕ್ಕೆ ಬರ ಇಲ್ಲ. ಸ್ಟ್ಯಾಟಿಸ್ಟಿಕ್ಸ್ ಗಟ್ಟಿ ಮಾಡ್ಕೊಂಡ್ರೆ ಇದರಲ್ಲಿ ಎನ್‌ಜಿಒ, ಸಮೀಕ್ಷೆ ಸಂಸ್ಥೆ, ನೀತಿ ಸಂಶೋಧನೆ ಅಂತ ಕಾಲೇಜಿನ ಹೊರಗೂ ಕೆಲಸ ಸಿಗತ್ತೆ, ಆ ಲೆಕ್ಕದಲ್ಲಿ ಇತಿಹಾಸಕ್ಕಿಂತ ಒಂದು ಕೈ ಮೇಲು.

ಹಾಗಾದ್ರೆ ಯಾರಿಗೆ ಯಾವುದು

ಮನೆ ನಿಮ್ಮ ಸಂಬಳದ ಮೇಲೆ ನಡೀತಿದ್ರೆ, ಫೆಲೋಶಿಪ್ ಇಲ್ದೆ ಫುಲ್‌ಟೈಮ್ ಯಾವುದಕ್ಕೂ ಹೋಗ್ಬೇಡಿ, ಅದು ಇಂಜಿನಿಯರಿಂಗ್ ಆಗ್ಲಿ ಕನ್ನಡ ಆಗ್ಲಿ. ಕೆಲಸ ಇಟ್ಕೊಂಡೇ ಪಾರ್ಟ್‌ಟೈಮ್ ಮಾಡಿ, ಕೆಲಸದ ಕಡೆಯಿಂದ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ) ಬೇಕು. ಪಾರ್ಟ್‌ಟೈಮ್‌ಗೆ ಹೊಂದೋದು ಶಾಸನ, ಸಾಹಿತ್ಯ, ಸಮಾಜಶಾಸ್ತ್ರ, ಮ್ಯಾಥ್ಸ್, ಕಂಪ್ಯೂಟರ್. ಹೊಂದದೇ ಇರೋದು ಲ್ಯಾಬು, ಸೂಕ್ಷ್ಮಜೀವಿ ಭಾನುವಾರ ಅಂತ ಕಾಯಲ್ಲ.

ಮನೆ, ಮಕ್ಕಳು, ತೋಟ ಬಿಟ್ಟು ಹೋಗೋಕಾಗದ ಹೆಣ್ಣುಮಕ್ಕಳಿಗೆ ತೋಟದ ಇಕಾಲಜಿ, ಮೌಖಿಕ ಚರಿತ್ರೆ, ಸ್ಥಳೀಯ ಇತಿಹಾಸ ಮೂರನ್ನೂ ನಾನು ಮೊದಲು ಹೇಳ್ತೀನಿ. 240 ದಿನದವರೆಗೆ ಹೆರಿಗೆ, ಮಗುವಿನ ಆರೈಕೆ ರಜೆಗೆ ನಿಯಮದಲ್ಲೇ ಅವಕಾಶ ಇದೆ, ಕೇಳೋಕೆ ಸಂಕೋಚ ಬೇಡ. ಮದುವೆಯಾಗಿ ಬೇರೆ ಊರಿಗೆ ಹೋಗ್ಬೇಕಾದ್ರೆ ರಿಸರ್ಚ್ ಡೇಟಾ ಸಮೇತ ಬೇರೆ ವಿವಿಗೆ ವರ್ಗ ಆಗೋಕೂ ಅವಕಾಶ ಇದೆ.

ವಯಸ್ಸು 22-23, ಜವಾಬ್ದಾರಿ ಕಮ್ಮಿ, ಮಾರ್ಕ್ಸ್ ಚೆನ್ನಾಗಿದೆ ಅಂದ್ರೆ ಒಂದು ವರ್ಷ ಪರೀಕ್ಷೆಗೆ ಕೊಟ್ಟು ದೊಡ್ಡ ಸಂಸ್ಥೆಗೇ ಹೋಗಿ. ಹತ್ರ ಇದೆ ಅನ್ನೋ ಒಂದೇ ಕಾರಣಕ್ಕೆ ಇಲ್ಲಿ ಉಳೀಬೇಡಿ. ಆದ್ರೆ ಅಲ್ಲಿ ಕೂತು ನಮ್ಮ ಆಲೂಗೆಡ್ಡೆ, ನಮ್ಮ ಘಾಟಿ, ನಮ್ಮ ಕಲ್ಲಿನ ಪ್ರಶ್ನೆ ತಗೊಳ್ಳಿ. ಹಳೇಬೀಡಿನ ಬಳಪದ ಕಲ್ಲು ಮಳೆಗೆ ಹೇಗೆ ಸವೀತಿದೆ ಅಂತ ಕೆಮಿಸ್ಟ್ರಿಯೋರು ನೋಡ್ಬೇಕು, ಅದನ್ನ ತ್ರೀಡಿ ಸ್ಕ್ಯಾನ್ ಮಾಡಿ ಬಿರುಕು ಅಳೆಯೋದನ್ನ ಸಿವಿಲ್‌ನೋರು ಮಾಡ್ಬೇಕು, ಅದರ ಮೇಲಿನ ಬರಹವನ್ನ ಇತಿಹಾಸದೋರು ಓದ್ಬೇಕು. ಮೂರರಲ್ಲಿ ಯಾವುದೂ ಇನ್ನೊಂದಕ್ಕಿಂತ ಚಿಕ್ಕದಲ್ಲ.

ಗೈಡ್ ವಿಚಾರ

ಶೋಧಗಂಗಾ ಅಂತ ಇನ್‌ಫ್ಲಿಬ್‌ನೆಟ್‌ನ ವೆಬ್‌ಸೈಟ್ ಇದೆ, ದೇಶದ ಪಿಎಚ್‌ಡಿ ಥೀಸಿಸ್‌ಗಳು ಅಲ್ಲಿ ಉಚಿತವಾಗಿ ಸಿಗ್ತವೆ. ನಿಮ್ಮ ಮನಸ್ಸಲ್ಲಿರೋ ಗೈಡ್ ಹೆಸರು ಹಾಕಿ ಹುಡುಕಿ. ಅವರ ಕೈಕೆಳಗೆ ಎಷ್ಟು ಜನ ಮುಗಿಸಿದ್ದಾರೆ, ವಿಷಯಗಳಲ್ಲಿ ವೈವಿಧ್ಯ ಇದೆಯಾ, ಇಲ್ಲ ಶೀರ್ಷಿಕೆಲಿ ಜಿಲ್ಲೆ ಹೆಸರು ಮಾತ್ರ ಬದಲಾಗಿದೆಯಾ, ಎಲ್ಲ ಅರ್ಧ ಗಂಟೇಲಿ ಗೊತ್ತಾಗತ್ತೆ. ಒಬ್ಬ ಪ್ರೊಫೆಸರ್ ಒಂದು ಹೊತ್ತಿಗೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಜನರನ್ನ ಮಾತ್ರ ತಗೋಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಮ್ಮಿ ಇರೋರು ಹೊಸಬರನ್ನ ತಗೊಳ್ಳಂಗಿಲ್ಲ. ಇದನ್ನ ಮೊದಲೇ ವಿಚಾರಿಸಿ.

ಥೀಸಿಸ್ ಬರೆದುಕೊಡ್ತೀವಿ, ಎರಡು ಮೂರು ಸಾವಿರಕ್ಕೆ ವಾರದಲ್ಲಿ ಪೇಪರ್ ಪಬ್ಲಿಷ್ ಮಾಡ್ತೀವಿ ಅಂತ ವಾಟ್ಸಾಪಲ್ಲಿ ಬರೋರ ಹತ್ರ ಹೋಗ್ಬೇಡಿ. ಅಂಥ ಜರ್ನಲ್ಲಲ್ಲಿ ಹಾಕಿದ ಪೇಪರನ್ನ ಇಂಟರ್‌ವ್ಯೂಲಿ ನೋಡಿದ ತಕ್ಷಣ ಪಕ್ಕಕ್ಕಿಡ್ತಾರೆ, ನಿಮ್ಮ ಒಳ್ಳೇ ಕೆಲಸಕ್ಕೂ ಅದರ ಮಸಿ ಹತ್ತತ್ತೆ.

ಹಾಸನ ವಿವಿ ಥರ ಹೊಸ ವಿವಿಲಿ ಸೇರೋರು ಇನ್ನೊಂದು ಪ್ರಶ್ನೆ ಕೇಳ್ಬೇಕು. ಹೊಸ ವಿವಿಗಳನ್ನ ಹಳೇ ವಿವಿಗೆ ಮತ್ತೆ ಸೇರಿಸೋ ಮಾತು 2025ರಲ್ಲಿ ಸರ್ಕಾರದ ಮಟ್ಟದಲ್ಲಿ ಬಂದಿತ್ತು. ರಿಜಿಸ್ಟ್ರೇಷನ್ ಯಾವ ವಿವಿ ಹೆಸರಲ್ಲಿ, ಪದವಿ ಯಾವ ಹೆಸರಲ್ಲಿ ಬರತ್ತೆ, ಮಧ್ಯದಲ್ಲಿ ಬದಲಾದ್ರೆ ಗೈಡ್ ಅವರೇ ಇರ್ತಾರಾ ಅಂತ ರಿಸರ್ಚ್ ಸೆಕ್ಷನ್‌ನಲ್ಲಿ ಬರವಣಿಗೆಲಿ ಕೇಳಿ.

ಗೈಡ್‌ನ ನೋಡೋಕೆ ಹೋಗುವಾಗ ಒಂದು ಪುಟ ಬರ್ಕೊಂಡು ಹೋಗಿ: ನಿಮ್ಮ ಪ್ರಶ್ನೆ ಏನು, ಅದಕ್ಕೆ ಬೇಕಾದ ಸಾಮಗ್ರಿ ಎಲ್ಲಿದೆ, ಇದರ ಮೇಲೆ ಯಾರು ಏನು ಕೆಲಸ ಮಾಡಿದ್ದಾರೆ, ಮೊದಲ ವರ್ಷ ನೀವೇನು ಮಾಡ್ತೀರಿ. ಅವರ ಹಳೇ ವಿದ್ಯಾರ್ಥಿಗಳಲ್ಲಿ ಇಬ್ಬರ ಹತ್ರ ಫೋನಲ್ಲಿ ಮಾತಾಡಿ, ಒಬ್ಬರು ಮುಗಿಸಿದೋರು, ಇನ್ನೊಬ್ಬರು ಅರ್ಧಕ್ಕೆ ಬಿಟ್ಟೋರು. ಎಷ್ಟು ದಿನಕ್ಕೊಮ್ಮೆ ಸಿಗ್ತಿದ್ರು, ಬರೆದು ಕೊಟ್ಟ ಅಧ್ಯಾಯ ಓದಿ ವಾಪಸ್ ಕೊಡೋಕೆ ಎಷ್ಟು ಸಮಯ ತಗೊಳ್ತಿದ್ರು ಅಂತ ಕೇಳಿ. ಈ ಎರಡು ಪ್ರಶ್ನೆಗೆ ಇಬ್ಬರೂ ಒಂದೇ ಉತ್ತರ ಕೊಟ್ರೆ ಅದನ್ನ ನಂಬಬಹುದು.